ಬೂದಿಯ ಗೂಡಿಗೆ ಬಂದ ಮದುಮಗ

ಮಕ್ಕಳೇ, ನಾನು ಚಿಕ್ಕವಳಿದ್ದಾಗ ನಿಮ್ಮಂತೆ ನಮ್ಮ ಮನೆಯಲ್ಲೂ ಒಂದು ಮೊಲವಿತ್ತು. ಮನೆ ಅಂದರೆ ಮುಂಬೈ ಹತ್ತಿರದ ಡೊಂಬಿವಲಿಯ ಚಾಳೊಂದರ ಕೆಳಗಿನ ಖೋಲಿ, ಒಂದೇ ಕೋಣೆ. ಹಿಂದುಗಡೆ ಬಟ್ಟೆ ಒಗೆಯುವ ಕಲ್ಲು, ಅದರಾಚೆ ತಗಡಿನ ಮಾಡಿನ ಕೆಳಗೆ ಒಂದಿಷ್ಟು ಜಾಗ. ಗಾಳಿ ತಿರುಗಿದರೆ ಅಲ್ಲಿಗೆ ಕಾರ್ಖಾನೆಗಳ ಕಡೆಯಿಂದ ಕೊಳೆತ ಮೊಟ್ಟೆಯಂಥ ವಾಸನೆ ಬರುತ್ತಿತ್ತು. ಅಪ್ಪ ಠಾಣೆಯ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ಅಲ್ಲಿಂದ ಚಹಾಪುಡಿಯ ಖಾಲಿ ಪೆಟ್ಟಿಗೆ ತಂದು, ಜಾಲರಿ ಹೊಡೆದು, ಆ ಮಾಡಿನ ಕೆಳಗೆ ಗೂಡು ಮಾಡಿದ್ದರು. ಗೂಡಿನಲ್ಲಿದ್ದವಳು ಬೂದಿ. ಬೂದಿ ಬಣ್ಣದ ಹೆಣ್ಣು ಮೊಲ. ನಮ್ಮ ಕಾನ್ವೆಂಟಿನ ಸಿಸ್ಟರ್ ಒಬ್ಬರು ಅಂಗಳದಲ್ಲಿ ಮೊಲ ಸಾಕುತ್ತಿದ್ದರು, ಮರಿಯಾಗಿದ್ದ ಬೂದಿಯನ್ನು ಅಕ್ಕನ ಕೈಗೆ ಕೊಟ್ಟವರು ಅವರೇ.

ಪಕ್ಕದ ಖೋಲಿಯಲ್ಲಿ ನಾವು ಕಾಕೂ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ ಮರಾಠಿ ಹೆಂಗಸಿದ್ದರು. ಮದುವೆಯಾದ ಸ್ವಲ್ಪ ದಿನಕ್ಕೇ ಅವರ ಗಂಡ ಲೋಕಲ್ ಟ್ರೈನಿನಿಂದ ಬಿದ್ದು ತೀರಿಹೋಗಿದ್ದರಂತೆ. ಒಬ್ಬರೇ ಕೂತು ಹಪ್ಪಳ ಲಟ್ಟಿಸುತ್ತಿದ್ದರು. ಅವರ ಹತ್ತಿರ ಒಂದು ಬಿಳಿ ಗಂಡು ಮೊಲವಿತ್ತು, ಹೆಸರು ಕಾಪುಸ್. ಮರಾಠಿಯಲ್ಲಿ ಹತ್ತಿಗೆ ಹಾಗನ್ನುತ್ತಾರೆ. ಕಾಕೂ ಹಿಟ್ಟು ನಾದುವಾಗ ಅದು ಅವರ ಸೀರೆಯ ಅಂಚಿನ ಮೇಲೆ ತಲೆಯಿಟ್ಟು ಮಲಗುತ್ತಿತ್ತು. ಅದರ ಮೀಸೆಯಲ್ಲಿ ಯಾವಾಗಲೂ ಉದ್ದಿನ ಹಿಟ್ಟು.

ಮರಿ ಆಗಲಿ ಎಂದು ಮೊದಲು ಹೇಳಿದ್ದು ಯಾರೋ ಈಗ ನೆನಪಿಲ್ಲ. ಆದರೆ ಮದುವೆ ಎಲ್ಲಿ ಎಂಬ ಬಗ್ಗೆ ಎರಡು ಮಾತಿರಲಿಲ್ಲ. ನಮ್ಮ ಉಡುಪಿ ಕಡೆ ಧಾರೆ ನಡೆಯುವುದು ಹೆಣ್ಣಿನ ಮನೆಯಲ್ಲಿ. ಕಾಕೂ ಕಡೆಯಲ್ಲೂ ಗಂಡಿನವರೇ ಬರುವುದು. ಹಾಗಾಗಿ ಕಾಪುಸ್ ಬೂದಿಯ ಗೂಡಿಗೆ ಬರುವುದೆಂದು ಆಯಿತು. ಅಪ್ಪನ ರಜೆಯ ದಿನ ಅಮ್ಮ ಬೆಳಗ್ಗೆಯೇ ಗೂಡಿನ ಹುಲ್ಲೆಲ್ಲ ತೆಗೆದು ಎಸೆದಳು. ಮದುಮಗ ಬರುವ ಮನೆ ನಾರಬಾರದೆಂದು ಫಿನೈಲ್ ಹಾಕಿ ತಿಕ್ಕಿ ತೊಳೆದು, ಹೊಸ ಹುಲ್ಲು ಹರಡಿದಳು.

ಬೂದಿಯನ್ನು ಒಳಗೆ ಬಿಟ್ಟಾಗ ಅವಳು ಹುಲ್ಲಿಗೆ ಬಾಯಿ ಹಾಕಲಿಲ್ಲ. ಗಲ್ಲವನ್ನು ಒಂದೊಂದು ಮೂಲೆಗೂ ಒತ್ತಿ ಒತ್ತಿ ಉಜ್ಜಿದಳು. ಆಮೇಲೆ ಹಿಂಗಾಲಿನಿಂದ ಹಲಗೆಗೆ ಧಡ್ ಎಂದು ಬಡಿದಳು. ಅವಳಿಗೆ ಇವತ್ತು ಸಿಟ್ಟು ಬಂದಿದೆ ಎಂದು ಅಕ್ಕ ಹೇಳಿದಳು.

"ಸಿಟ್ಟಲ್ಲ ಮಾರಾಯ್ತಿ, ಮದುಮಗಳಿಗೆ ನಾಚಿಕೆ," ಎಂದರು ಅಪ್ಪ.

ಕಾಕೂ ಕಾಪುಸ್‌ನನ್ನು ಎದೆಗವಚಿಕೊಂಡು ಬಂದರು. ಅದರ ಹಣೆಗೆ, ಅವರ ಪದ್ಧತಿಯಂತೆ, ಒಂದೆಳೆ ಮಲ್ಲಿಗೆ ಕಟ್ಟಿದ್ದರು. ಕುಂಕುಮ ಇಟ್ಟವಳು ಅಮ್ಮ. ಕಾಕೂ ಕುಂಕುಮದ ಕರಡಿಗೆಯನ್ನು ಮುಟ್ಟಲಿಲ್ಲ, ಪಕ್ಕಕ್ಕೆ ಸರಿದು ನಿಂತರು. ಚಾಳಿನ ಮಕ್ಕಳೆಲ್ಲ ಒಗೆಯುವ ಕಲ್ಲಿನ ಮೇಲೆ ಹತ್ತಿದ್ದೆವು.

"ಬೀಗಿತ್ತಿಯವರೇ, ವರದಕ್ಷಿಣೆ ಕೇಳಿದರೆ ನಮ್ಮ ಹುಡುಗಿ ಕಚ್ಚುತ್ತಾಳೆ, ನೋಡಿ," ಎಂದಳು ಅಮ್ಮ ಮರಾಠಿಯಲ್ಲಿ. ಎಲ್ಲರೂ ನಕ್ಕರು. ಅಪ್ಪ ಕಾಪುಸ್‌ನನ್ನು ಒಳಗೆ ಬಿಟ್ಟು ಚಿಲಕ ಹಾಕಿದರು.

ಮೊಲ ಕಿರುಚುತ್ತದೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಎಳೆ ಮಗುವಿನ ಕೂಗಿನಂತಿತ್ತು ಅದು. ಬೂದಿ ಗುರ್ರೆಂದು ಕಾಪುಸ್‌ನ ಮೇಲೆ ಎಗರಿದಳು. ಪೆಟ್ಟಿಗೆ ಅಷ್ಟೇ ಅಗಲ. ಕಾಪುಸ್‌ಗೆ ಓಡಲು ಜಾಗವಿರಲಿಲ್ಲ, ಮೂಲೆಗೆ ಮುಖವಿಟ್ಟು ಕುಸಿಯಿತು. ಬಿಳಿ ಕೂದಲು ಜಾಲರಿಯಿಂದ ಹೊರಗೆ ಹಾರಿ ಬಂತು. ಅಪ್ಪ ಕೈ ಹಾಕಿದರು, ಬೂದಿ ಅವರ ಹೆಬ್ಬೆರಳನ್ನು ಎಲುಬು ಕಾಣುವಂತೆ ಸೀಳಿದಳು. ಕೊನೆಗೆ ಅಕ್ಕ ಗೋಣಿಚೀಲವನ್ನು ಇಬ್ಬರ ನಡುವೆ ತುರುಕಿದ ಮೇಲೆ ಕಾಪುಸ್ ಹೊರಗೆ ಬಂತು. ಒಂದು ಕಿವಿ ಹರಿದಿತ್ತು, ಹೊಟ್ಟೆಯ ಕೆಳಗೆ ಆಳವಾದ ಗಾಯ.

ಕಾಕೂ ಅರಿಸಿನ ಮೆತ್ತಿದರು. ದನದ ಡಾಕ್ಟರು ಪಕ್ಕದ ಊರು ಕಲ್ಯಾಣದಲ್ಲಿದ್ದಾರೆಂದು ಕೇಳಿ ಅಪ್ಪ ಬೆರಳಿಗೆ ಬಟ್ಟೆ ಸುತ್ತಿಕೊಂಡೇ ಹೋಗಿ ಬಂದರು, ಅವರು ಸಿಗಲಿಲ್ಲ. ಗಾಯ ಕೀವಾಯಿತು. ಮೂರನೆಯ ಸಂಜೆ ಕಾಪುಸ್ ಕಾಕೂ ಮಡಿಲಲ್ಲೇ ಸತ್ತಿತು. ಅವತ್ತು ಅವರು ಲಟ್ಟಿಸಿದ ಹಪ್ಪಳಗಳು ಮಣೆಯ ಮೇಲೆ ಒಣಗಿ ದೋಣಿಯಂತೆ ಬಾಗಿದ್ದವು.

ಬೂದಿಯನ್ನು ಇನ್ನು ಇಟ್ಟುಕೊಳ್ಳುವುದಿಲ್ಲ ಎಂದು ಅಪ್ಪ ತೀರ್ಮಾನಿಸಿದರು. ಬೆಳಗಾದರೆ ಮಟನ್ ಅಂಗಡಿಯವನಿಗೆ ಕೊಟ್ಟುಬಿಡುವುದು. ಅಕ್ಕ ಊಟ ಬಿಟ್ಟಳು. ಬೆಳಗ್ಗೆ ಎದ್ದವಳೇ ಶಾಲೆಗೆ ಓಡಿ ಸಿಸ್ಟರನ್ನು ಕಂಡು ಬಂದಳು. ಸಿಸ್ಟರ್ ಬೈಯಲಿಲ್ಲವಂತೆ. ಯಾರನ್ನು ಯಾರ ಗೂಡಿಗೆ ಹಾಕಿದಿರಿ ಎಂದಷ್ಟೇ ಕೇಳಿದರಂತೆ. ಹೆಣ್ಣು ಮೊಲ ತನ್ನ ಗೂಡಿಗೆ ಇನ್ನೊಂದು ಮೊಲ ಬರುವುದನ್ನು ಸಹಿಸುವುದಿಲ್ಲ, ಅವಳನ್ನೇ ಗಂಡಿನ ಗೂಡಿಗೆ ಒಯ್ಯಬೇಕು. ಗೂಡನ್ನು ತೊಳೆದು ಅವಳ ವಾಸನೆಯನ್ನೂ ಅಳಿಸಿದರೆ ಅವಳು ಇನ್ನೂ ಹೆದರುತ್ತಾಳೆ, ಇನ್ನೂ ಕೆರಳುತ್ತಾಳೆ.

ಅಕ್ಕ ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಅಪ್ಪನ ಕೈಯಲ್ಲಿ ಆಗಲೇ ಬೂದಿಯನ್ನು ಹಾಕಿದ ಮುಚ್ಚಳದ ಬುಟ್ಟಿಯಿತ್ತು. ಮೊಲಕ್ಕೂ ಒಂದು ಶಾಸ್ತ್ರವೇ ಎಂದರು. ಮೇಲಿನ ಮಹಡಿಯ ಗುಲ್ಬರ್ಗದ ಅಜ್ಜಿ ಕಟಾಂಜನಕ್ಕೆ ಒರಗಿ ಎಲ್ಲ ನೋಡುತ್ತಿದ್ದಳು.

"ಒಯ್ರಿ ಅದನ್ನ. ಗಂಡನ್ನ ತಿಂದ್ಕೊಂಡಾಕಿ ಐತಿ ಅದು. ಅಂಥಾಕಿನ್ನ ಮನ್ಯಾಗ ಇಟ್ಕೋಬಾರ್ದು," ಎಂದಳು.

ಅಮ್ಮ ಥಟ್ಟನೆ ಪಕ್ಕದ ಬಾಗಿಲಿನ ಕಡೆ ತಿರುಗಿದಳು. ಕಾಕೂ ತಮ್ಮ ಹೊಸ್ತಿಲಲ್ಲೇ ನಿಂತಿದ್ದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಆ ಮಾತು ಯಾವ ಭಾಷೆಯಲ್ಲಿದ್ದರೂ ಅವರಿಗೆ ತಿಳಿಯುತ್ತಿತ್ತು. ಗಂಡ ಹೋದಾಗ ಅವರಿಗೂ ಅದನ್ನೇ ಅಂದಿದ್ದರಂತೆ. ಇದು ನನಗೆ ಬಹಳ ವರ್ಷಗಳ ಮೇಲೆ ಅಮ್ಮ ಹೇಳಿದ್ದು. ಕಾಕೂ ನಡೆದು ಬಂದು ಅಪ್ಪನ ಕೈಯಿಂದ ಬುಟ್ಟಿ ತೆಗೆದುಕೊಂಡರು.

"ತೀ ತಿಚ್ಯಾ ಘರಾತ್ ಹೋತೀ," ಎಂದರು. ಅವಳು ಅವಳ ಮನೆಯಲ್ಲಿದ್ದಳು. "ಆಪಣಚ್ ಆತ್ ಶಿರಲೋ." ಒಳಗೆ ನುಗ್ಗಿದವರು ನಾವೇ.

ಬುಟ್ಟಿಯನ್ನು ತಮ್ಮ ಖೋಲಿಗೇ ಒಯ್ದರು. ಅಪ್ಪ ಅದನ್ನು ವಾಪಸು ಕೇಳಲಿಲ್ಲ. ಸಂಜೆ ಅಕ್ಕ ಹೋಗಿ ತಂದು ಬೂದಿಯನ್ನು ಅವಳ ಗೂಡಿಗೆ ಬಿಟ್ಟಳು.

ಬೂದಿ ಉಳಿದಳು, ಆದರೆ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಅಕ್ಕ ಆ ಮಳೆಗಾಲವೆಲ್ಲ ಅವಳ ಜೊತೆ ಕಳೆದಳು. ಗೂಡಿನ ಬಾಗಿಲು ತೆಗೆದು ದೂರ ಕೂರುತ್ತಿದ್ದಳು. ಬೂದಿ ತಾನಾಗಿ ಹೊರಗೆ ಬಂದು ಕಲ್ಲಿನ ಹತ್ತಿರ ಓಡಾಡುವಾಗ ಮಾತ್ರ ಹುಲ್ಲು ಬದಲಿಸುತ್ತಿದ್ದಳು, ಹಳೆಯ ಹುಲ್ಲು ಒಂದು ಹಿಡಿ ಉಳಿಸಿ. ಫಿನೈಲ್ ಮತ್ತೆ ಆ ಕಡೆ ಬರಲಿಲ್ಲ. ಮೂತಿಯ ಎದುರಿಗೆ ಕೈ ಚಾಚದೆ ಮೇಲಿನಿಂದ ಹಣೆಯ ಮೇಲೆ ಅಂಗೈ ಇಡುತ್ತಿದ್ದಳು, ಕೈಗೆ ಅಪ್ಪನ ದಪ್ಪ ಕಾಲುಚೀಲ ತೊಟ್ಟು. ಕಚ್ಚಿದರೂ ಹೊಡೆಯುತ್ತಿರಲಿಲ್ಲ. ದಸರೆಯ ಹೊತ್ತಿಗೆ ಕಾಲುಚೀಲ ಬೇಕಾಗಲಿಲ್ಲ. ಕಾಕೂ ದಿನಾ ಮೆಂತ್ಯದ ದಂಟು ತಂದು ಕಲ್ಲಿನ ಮೇಲೆ ಇಟ್ಟು ಹೋಗುತ್ತಿದ್ದರು. ಬೂದಿಯನ್ನು ಒಮ್ಮೆಯೂ ಮುಟ್ಟಲಿಲ್ಲ. ಬೇರೆ ಮೊಲವನ್ನೂ ಸಾಕಲಿಲ್ಲ.

ಮಕ್ಕಳೇ, ನಿಮ್ಮ ಐರೋಲಿಯ ಫ್ಲ್ಯಾಟಿನಲ್ಲಿ ಮೊಲಕ್ಕೆ ಬಾಲ್ಕನಿಯೇ ಇದೆ. ಅದಕ್ಕೆಂದೇ ಡಾಕ್ಟರು ಇದ್ದಾರೆ, ಫೋನಿನಲ್ಲಿ ನೋಡಿ ಕಲಿಯಲು ವಿಡಿಯೋಗಳಿವೆ. ಎರಡನೆಯ ಮೊಲ ತರುವ ಮೊದಲು ಎರಡೂ ಗೂಡುಗಳನ್ನು ದೂರದೂರ ಇಡಬೇಕು, ಇಬ್ಬರದ್ದೂ ಅಲ್ಲದ ಜಾಗದಲ್ಲಿ ಭೇಟಿ ಮಾಡಿಸಬೇಕು ಎಂದು ನೀವೇ ನನಗೆ ಪಾಠ ಹೇಳಿದಿರಿ. ನಮ್ಮ ಖೋಲಿಯಲ್ಲಿ ಯಾರಿಗೂ ತನ್ನದೆನ್ನುವ ಮೂಲೆ ಇರಲಿಲ್ಲ. ಯಾರು ಬೇಕಾದರೂ ಒಳಗೆ ಬರುತ್ತಿದ್ದರು, ಬಂದರೆ ನಮಗೆ ಖುಷಿ. ಒಂದು ಪುಟ್ಟ ಪ್ರಾಣಿಗೆ ಹಾಗಲ್ಲ ಎಂದು ನಮಗೆ ಹೊಳೆಯುವುದಾದರೂ ಹೇಗೆ? ನಿಮ್ಮ ಕೋಣೆಯ ಬಾಗಿಲಿಗೆ ನೀವು 'ತಟ್ಟಿ ಬನ್ನಿ' ಎಂದು ಚೀಟಿ ಅಂಟಿಸಿದಾಗ ನಿಮ್ಮಮ್ಮನಿಗೆ ಬೇಸರವಾಯಿತು, ಮನೆಯವರಿಗೇ ಹೀಗೆಯೇ ಎಂದು. ನಾನಂತೂ ಹಾಲು ತಂದಾಗ ತಟ್ಟುತ್ತೇನೆ, ನೀವು ಬಾ ಎನ್ನುವವರೆಗೆ ಹೊರಗೆ ನಿಲ್ಲುತ್ತೇನೆ.