ಅಮ್ಮ ‘ಉಬ್ಬಸದ ಕೇಸ್’ ಆದ ದಿನ

“ಉಬ್ಬಸದ ಕೇಸ್ ಯಾರು? ಒಳಗೆ ಬನ್ನಿ!” ಆಗಷ್ಟೇ ಹೊಸ ಬಡಾವಣೆಯಾಗಿ ಏಳುತ್ತಿದ್ದ ಜಯನಗರದ ಸಣ್ಣ ಆಸ್ಪತ್ರೆಯ ಬಾಗಿಲಲ್ಲಿ ನರ್ಸ್ ಕೂಗಿದರು. ಕತ್ರಿಗುಪ್ಪೆಯಿಂದ ಜಟಕಾದಲ್ಲಿ ಕರೆತಂದಿದ್ದ ನನ್ನ ಅಮ್ಮ ಬೆಂಚಿನಿಂದ ಅಲ್ಲಾಡಲಿಲ್ಲ. ಡಾಕ್ಟರು ಎದ್ದು ಹೋಗಿಬಿಟ್ಟರೆ ಎಂಬ ಗಾಬರಿಗೆ, ಉಬ್ಬಸವೇ ಇಲ್ಲದ ನಾನು “ಬಂದೆ ಸಿಸ್ಟರ್” ಎಂದು ಎದ್ದು ನಿಂತೆ.

ಅಮ್ಮ ನನ್ನ ಪಂಚೆ ಹಿಡಿದೆಳೆದು ಕೂರಿಸಿದಳು. “ಕೂತ್ಕೊಳ್ಳೋ! ಚೀಟೀಲಿ ಪುಟ್ಟತಾಯಮ್ಮ ಅಂತ ಬರ್ಸಿದೀನಿ. ಹಂಗೇ ಕರೀಲಿ, ಬರ್ತೀನಿ” ಎಂದಳು, ಏದುಸಿರಲ್ಲೇ.

ನರ್ಸ್ ಮುಖ ಗಂಟಿಕ್ಕಿಕೊಂಡು ಚೀಟಿ ನೋಡಿ ಹೆಸರು ಕರೆದರು. ಅಮ್ಮ ಸೆರಗು ಸರಿಮಾಡಿಕೊಂಡು ನಿಧಾನವಾಗಿ ಒಳಗೆ ಹೋದಳು.

ವೈದ್ಯರ ಪುಸ್ತಕದಲ್ಲಿ ಕೇಸ್ ಎಂಬ ಮಾತಿಗೆ ಏನರ್ಥವಿದೆಯೋ ಇರಲಿ. ಉಸಿರಿಗಾಗಿ ಒದ್ದಾಡುತ್ತಿದ್ದ ಮುದುಕಿಯನ್ನು ಹಾಗೆ ಕೂಗಿದ್ದು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಆ ಕೂಗಿಗೆ ಓಗೊಟ್ಟು ಎದ್ದು ನಿಂತ ನನ್ನ ಮೇಲಂತೂ ಸಿಟ್ಟು ಇನ್ನೂ ಹೆಚ್ಚು.