ಸಂಶಯವಿಲ್ಲದವರಿಗೆ ವ್ಯಾಖ್ಯಾನವಿಲ್ಲ

ಶೇಂಗಾ ಹುರಿಯುವ ವಾಸನೆ ಬಂದರೆ ನನಗೆ ಸತ್ಯವೇದದ ವ್ಯಾಖ್ಯಾನಗಳು ನೆನಪಾಗುತ್ತವೆ. ನಗಬೇಡಿ. ಮೊನ್ನೆ ಠಾಣೆ ಸ್ಟೇಷನ್ನಿನ ಹೊರಗೆ ಒಬ್ಬ ಬಾಣಲೆಯಲ್ಲಿ ಕೈಯಾಡಿಸುತ್ತಿದ್ದ. ನಾನು ಲೋಕಲ್ ರೈಲು ತಪ್ಪಿಸಿಕೊಂಡು ಅಲ್ಲೇ ನಿಂತುಬಿಟ್ಟೆ...

ನಮ್ಮ ಕನ್ನಡ ಕ್ರೈಸ್ತ ಸಭೆಯ ಸಂಡೇ ಸ್ಕೂಲು ನಡೆಸುತ್ತಿದ್ದ ಟೀಚರಮ್ಮ ಕೋಪರಖೈರಣೆಯಲ್ಲಿದ್ದರು. ರಾಯಚೂರಿನ ಕಡೆಯವರು, ಮಾತು ಖಡಕ್. ಅವರ ಕಪಾಟಿನ ತುಂಬ ದಪ್ಪ, ತೆಳು, ಕನ್ನಡ, ಇಂಗ್ಲಿಷ್ ವ್ಯಾಖ್ಯಾನಗಳು. ಭಾನುವಾರದ ಆರಾಧನೆಯಲ್ಲಿ ಎದ್ದುನಿಂತು ಉಪದೇಶದ ಪ್ರಸಂಗ ಮಾಡುವವರು ಗುರುವಾರವೇ ಹೋಗಿ ಒಂದನ್ನು ತರುವುದು ನಮ್ಮಲ್ಲಿ ರೂಢಿ.

ಪಾಸ್ಟರು ಊರಿಗೆ ಹೋದಾಗ ಒಮ್ಮೆ ಪ್ರಸಂಗ ನನ್ನ ಕೊರಳಿಗೆ ಬಿತ್ತು. ಅದೇ ಮೊದಲು. ಕೇಳುವವರಲ್ಲಿ ಹೆಚ್ಚಿನವರು ಕಲಬುರಗಿ, ವಿಜಯಪುರದ ಕೂಲಿಯವರು. ಬೇಸರವಾದರೆ ಮುಲಾಜಿಲ್ಲದೆ ನಿದ್ದೆ ಹೋಗುವವರು. ಅವರೆದುರು ನಗೆಪಾಟಲಾದರೆ ಮತ್ತೆಂದೂ ಬಾಯಿ ತೆರೆಯಲಾರೆ ಎಂಬ ಹೆದರಿಕೆಗೆ ಊಟ ಸೇರುತ್ತಿರಲಿಲ್ಲ. ಎಲ್ಲಕ್ಕಿಂತ ದಪ್ಪ ಪುಸ್ತಕ ಸಿಕ್ಕರೆ ಬಚಾವು ಎಂದುಕೊಂಡು ಹೋದೆ.

ಟೀಚರಮ್ಮ ಶೇಂಗಾ ಹುರಿಯುತ್ತಲೇ ಕೇಳಿದರು. "ಪ್ರಸಂಗದ ಭಾಗ ಓದೀರಿಲ್ಲ? ಏನ್ ತಿಳಿಲಿಲ್ಲ, ಹೇಳ್ರಿ."

"ಎಲ್ಲ ಗೊತ್ತಾಯ್ತು ಟೀಚರಮ್ಮ. ದ್ರಾಕ್ಷಿತೋಟದ ಕೂಲಿಯವರ ಕಥೆ. ಬೆಳಿಗ್ಗೆ ಬಂದವರಿಗೂ ಸಂಜೆ ಬಂದವರಿಗೂ ಒಂದೇ ಕೂಲಿ. ಸುಲಭ ಉಂಟು."

"ಎಲ್ಲಾ ತಿಳದದಂದ್ರ ವ್ಯಾಖ್ಯಾನ ಯಾಕ? ಶೇಂಗಾ ತಿಂದು ಮನಿಗೆ ಹೋಗ್ರಿ."

ತಿಂದೆ, ಹೊರಟೆ. ದಾರಿಯುದ್ದಕ್ಕೂ ಸಿಟ್ಟು.

ಮರುದಿನ ಬೆಳಿಗ್ಗೆ ಡೊಂಬಿವಲಿಯ ನಾಕಾದಲ್ಲಿ, ಕೂಲಿಯವರು ಸೇರುವ ಚೌಕದಲ್ಲಿ, ನಮ್ಮ ಸಭೆಯವರೇ ಕೆಲವರು ಕೆಲಸಕ್ಕೆ ಕರೆಯುವವರ ದಾರಿ ಕಾಯುತ್ತಿದ್ದರು. ಸಂಜೆ ನಾನು ಹಿಂತಿರುಗುವಾಗ ಅವರಲ್ಲೊಬ್ಬ ಇನ್ನೂ ಅಲ್ಲೇ ನಿಂತಿದ್ದ. ನಿಂತಲ್ಲೇ ಟೀಚರಮ್ಮನಿಗೆ ಫೋನ್ ಮಾಡಿದೆ.

"ಟೀಚರಮ್ಮ, ಕಥೆಯ ಆ ಸಂಜೆಯವರು ಯಾರೂ ಕರೆಯದಿದ್ದರೂ ಅಷ್ಟು ಹೊತ್ತು ಪೇಟೆಯಲ್ಲಿ ನಿಂತದ್ದು ಎಂತಕ್ಕೆ? ಮನೆಗೆ ಹೋಗ್ಬಹುದಿತ್ತಲ್ಲ?"

ಅವರು ಜೋರಾಗಿ ನಕ್ಕರು. "ಈಗ ಬರ್ರಿ."

ಹೋದೆ. ಕಪಾಟಿನ ಅತಿ ತೆಳು ಪುಸ್ತಕವನ್ನು ಕೈಗಿಟ್ಟರು. "ಸತ್ಯವೇದದ ಹಗುರ ವಚನಕ್ಕ ಮಾರುದ್ದ ಬರೀತಾವ, ಬಿರುಸು ವಚನ ಬಂದ್ರ ಜಿಗದು ಹೋಗ್ತಾವ ಆ ದಪ್ಪನ್ನವು. ನಿಮ್ಮ ಪ್ರಶ್ನಿಗೆ ಯಾವುದು ನಿಂತು ಮಾತಾಡ್ತದ, ಅದನ್ನ ಆರಿಸ್ಕೋಬೇಕು." ಆ ಪುಸ್ತಕ ನಿಂತು ಮಾತಾಡಿತ್ತು: ಅವರು ಸೋಮಾರಿಗಳಲ್ಲ, ಬರಿಗೈಯಲ್ಲಿ ಮನೆಗೆ ಹೋಗುವುದು ನಿಲ್ಲುವುದಕ್ಕಿಂತ ಕಷ್ಟ ಎಂದು.

ಭಾನುವಾರ ಅದನ್ನೇ ಹೇಳಿದೆ. ಯಾರೂ ನಿದ್ದೆ ಹೋಗಲಿಲ್ಲ. ನಾಕಾದಲ್ಲಿ ಕಂಡವನು ಕೈಹಿಡಿದು, "ಸರ, ನಿಲ್ಲೂದೂ ಒಂದು ಕೆಲಸಾನೇ ರೀ" ಎಂದ. ನನಗೆ ಅಳುವೇ ಬಂತು. ಟೀಚರಮ್ಮ ಹತ್ತಿರ ಬಂದು, "ಛಲೋ ಆತು. ಆದ್ರ ಅರ್ಧಕ್ಕ ಮುಗಸಬೇಕಿತ್ತು" ಎಂದರು.

ಅವರು ತೀರಿಕೊಂಡ ಮೇಲೆ ಕಪಾಟು ಸಭೆಗೆ ಬಂತು. ಯಾರು ಬೇಕಾದರೂ ಯಾವುದನ್ನು ಬೇಕಾದರೂ ಒಯ್ಯಬಹುದು. ಫೋನಿನಲ್ಲಂತೂ ವ್ಯಾಖ್ಯಾನಗಳ ಸುಗ್ಗಿ. ಈ ಭಾನುವಾರ ಮತ್ತೆ ನನ್ನದೇ ಪ್ರಸಂಗ... ತಿಳಿಯದ್ದು ಈಗ ಬೇಕಾದಷ್ಟಿದೆ. ಹೇಳಿಕೊಳ್ಳಲು ಟೀಚರಮ್ಮ ಇಲ್ಲ.