ಚಿಕ್ಕಮ್ಮನ ಬರಿಗೈ

ಇವತ್ತು ಬೆಳಿಗ್ಗೆ ಪಕ್ಕದ ಮನೆಯಿಂದ ಸಾಂಬ್ರಾಣಿ ಹೊಗೆ ಬಂತು. ಕೂಸಿಗೆ ನೀರೆರೆದು ಮುಗಿಸಿದ್ದರು. ಹಿತವಾದ ವಾಸನೆಯಲ್ಲವೇ ಎನ್ನುತ್ತೀರಿ. ನನಗೆ ಮೈಯೆಲ್ಲ ಉರಿಯಿತು. ಆ ಮನೆಯ ಮೊದಲ ಮಗುವಿಗೆ ಎರೆಯಲು ಜಾವಗಲ್ಲಿನ ನನ್ನ ಗೌರಿ ಚಿಕ್ಕಮ್ಮನೇ ಬೇಕಾಗಿತ್ತು. ಎರಡನೆಯದಕ್ಕೆ ಬೇಡವಾದಳು.

ಅವಳ ಚಾಚಿದ ಕಾಲುಗಳ ಮೇಲೆ ಬೋರಲು ಬಿದ್ದು ಕಿರುಚದ ಮಕ್ಕಳು ನಮ್ಮ ಬಳಗದಲ್ಲಿಲ್ಲ. ನನ್ನ ಮೂಗು ಇಷ್ಟಾದರೂ ನೆಟ್ಟಗಿರುವುದು ಅವಳು ದಿನಾ ತೀಡಿದ್ದರಿಂದ. ತಲೆ ಮಾತ್ರ ಅವಳ ಕೈಗೂ ಬಗ್ಗಲಿಲ್ಲ.

ಅಂಥವಳು ಕೆಲವು ವರ್ಷಗಳ ಹಿಂದೆ ಕೂತಲ್ಲೇ ಕೂರತೊಡಗಿದಳು. "ವಯಸ್ಸಾಯ್ತಲ್ಲ ಕಣೇ, ಸುಸ್ತು" ಎನ್ನುತ್ತಿದ್ದಳು. ಹಾಸನದಲ್ಲಿ ತೋರಿಸಿದಾಗ ಹೆಪಟೈಟಿಸ್ ಸಿ ಎಂದರು. ಎಂದೋ ಹೆರಿಗೆಯಲ್ಲಿ ಅವಳಿಗೆ ಕೊಟ್ಟ ರಕ್ತದ ಜೊತೆ ಬಂದಿರಬೇಕಂತೆ. ಸದ್ದಿಲ್ಲದೆ ಒಳಗೇ ಕೂತು ಲಿವರಿನಲ್ಲಿ ಉರಿಯೂತ ಎಬ್ಬಿಸಿತ್ತು. ಮೂರು ತಿಂಗಳು ಮಾತ್ರೆ ನುಂಗಿದಳು. ಆಮೇಲೆ ಪರೀಕ್ಷೆ ಮಾಡಿದ ಡಾಕ್ಟರು, "ವೈರಸ್ ಹೋಗಿದೆಯಮ್ಮ, ಉರಿಯೂತ ಇಳಿದಿದೆ. ಲಿವರಿನ ಗಟ್ಟಿಯಾದ ಭಾಗ ನಿಧಾನಕ್ಕೆ ಸುಧಾರಿಸಬಹುದು, ಆಗಾಗ ಬಂದು ತೋರಿಸಿ" ಎಂದರು. ರಕ್ತದಲ್ಲಿ ಹಳೆಯ ಗುರುತು ಉಳಿಯುತ್ತದೆ, ಅದು ಕಾಯಿಲೆಯಲ್ಲ ಎಂದೂ ಹೇಳಿದ್ದರು.

ಆ ಗುರುತೇ ಮುಳುವಾಯಿತು. ಬೇಲೂರಿನ ಕಡೆ ಕಣ್ಣಿನ ಶಿಬಿರವೊಂದರಲ್ಲಿ ರಕ್ತ ನೋಡಿದವನು, "ಈಯಮ್ಮಂದು ಸಿ ಪಾಸಿಟಿವ್, ಆಚೆ ಕೂರ್ಸಿ!" ಎಂದು ಕೂಗಿದ. ಮೆಲ್ಲಗೆ ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಚಿಕ್ಕಮ್ಮ ಬಸ್ಸಿಳಿಯುವ ಮೊದಲೇ ಸುದ್ದಿ ಊರು ಸೇರಿತ್ತು. ನೆಂಟರು ಅವಳಿಗೆ ಪೇಪರ್ ಕಪ್ಪಿನಲ್ಲಿ ಕಾಫಿ ಕೊಟ್ಟರು. ಮಗುವಿಗೆ ಎರೆಯಲು ಯಾರೂ ಕರೆಯಲಿಲ್ಲ. ರೋಗ ಇದ್ದಾಗಲೂ ಅದು ಮುಟ್ಟಿದರೆ, ಜೊತೆಗೆ ಉಂಡರೆ ಅಂಟುವಂಥದ್ದಲ್ಲ. ಈಗಂತೂ ರೋಗವೇ ಇಲ್ಲ. ಯಾರಿಗೆ ಹೇಳೋಣ!

ಈಗ ನನ್ನ ಮಗಳೇ ಹೆತ್ತು ಮನೆಗೆ ಬಂದಿದ್ದಾಳೆ. ಚಿಕ್ಕಮ್ಮನನ್ನು ಕರೆಸಿದ್ದೇನೆ ಎಂದಾಗ ನಮ್ಮ ಬೀಗಿತ್ತಿ, "ವಾಸಿಯಾಗಿದ್ರೆ ಒಳ್ಳೇದೇ ಕಣ್ರೀ. ಆದ್ರೂ ಹಸುಗೂಸು ಅಲ್ವಾ?" ಎಂದರು. ಆ 'ಆದ್ರೂ'ಗೆ ಯಾವ ಡಾಕ್ಟರ ಹತ್ತಿರ ಮಾತ್ರೆಯಿದೆ? "ನನ್ನ ಮಗಳಿಗೆ ಎರೆದ ಕೈ, ಮೊಮ್ಮಗಳಿಗೂ ಅದೇ ಎರೆಯುತ್ತೆ" ಎಂದೆ. ಅವರು ಮುಖ ಊದಿಸಿಕೊಂಡು ಹಜಾರದಲ್ಲಿ ಕೂತರು.

ಅಷ್ಟರಲ್ಲಿ ಚಿಕ್ಕಮ್ಮ ಬಂದಳು. ಸೀರೆ ಎತ್ತಿ ಕಟ್ಟಿ, ಬಚ್ಚಲಲ್ಲಿ ಮಣೆಯ ಮೇಲೆ ಕಾಲು ಚಾಚಿ ಕೂತಳು. ನಾನು ಮಗುವನ್ನು ತರುವಷ್ಟರಲ್ಲಿ ಚೀಲದಿಂದ ರಬ್ಬರ್ ಕೈಗವಸು ತೆಗೆದು ಹಾಕಿಕೊಂಡಿದ್ದಳು. ತಾನೇ ಮೆಡಿಕಲ್ಸಿನಲ್ಲಿ ಕೊಂಡು ತಂದದ್ದು.

"ಇರ್ಲಿ ಬಿಡು ಮಗಾ, ನೋಡ್ದೋರ್ಗೆ ಸಮಾಧಾನ ಆಯ್ತದೆ."

ಮಗುವನ್ನು ಮಗಳ ಕೈಗೆ ಕೊಟ್ಟು, ಚಿಕ್ಕಮ್ಮನ ಒಂದೊಂದೇ ಬೆರಳು ಹಿಡಿದು ಆ ರಬ್ಬರನ್ನು ಕಳಚಿದೆ. ಬರಿ ಅಂಗೈಗೆ ಎಣ್ಣೆ ಸುರಿದೆ. ಅವಳು ಮೊದಲು ಕೂಸಿನ ಮೂಗು ತೀಡಿದಳು. ಕೂಸು ಮನೆ ಹಾರಿಹೋಗುವಂತೆ ಕಿರುಚಿತು.

ನೀರೆರೆದಾದ ಮೇಲೆ ಕೆಂಡಕ್ಕೆ ಎರಡು ಹಿಡಿ ಸಾಂಬ್ರಾಣಿ ಹೆಚ್ಚಿಗೇ ಹಾಕಿ, ಪಕ್ಕದ ಮನೆಯ ಕಡೆಯ ಕಿಟಕಿಯನ್ನು ಪೂರ್ತಿ ತೆರೆದಿಟ್ಟೆ.